ಹಲಗೆಯ ಮೇಲಿನ ಹದ

ಉಪ್ಪು ಹಾಕಿ ಮಾಗಿಸಿದ ಹಂದಿಮಾಂಸದ ಬಗೆಬಗೆಯ ತಿನಿಸುಗಳನ್ನು ಮರದ ಹಲಗೆಯ ಮೇಲೆ ಜೋಡಿಸಿಡುವ ಫ್ರಾನ್ಸಿನ ಶಾರ್ಕ್ಯುಟ್ರಿ ಕಣ್ಣಿಗೆ ಹಬ್ಬ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದನ್ನು ತಯಾರಿಸುವವರ ತಾಳ್ಮೆ. ಬಯೋನ್ ಹ್ಯಾಮನ್ನೇ ನೋಡಿ: ಹಂದಿಯ ತೊಡೆಗೆ ಅಡೂರ್ ನದಿ ಸೀಮೆಯ ಉಪ್ಪು ತಿಕ್ಕಿ, ಕನಿಷ್ಠ 7 ತಿಂಗಳು ಮಾಗಿಸುತ್ತಾರೆ. ಸೋಸಿಸೋನ್ ಎಂಬ ಒಣ ಸಾಸೇಜಿನ ಮೈಮೇಲೆ ಬಿಳಿ ಬೂಷ್ಟನ್ನು ಬೇಕೆಂದೇ ಬೆಳೆಸುತ್ತಾರೆ. ಅದು ಹದವಾಗಿ ಒಣಗಲು ನೆರವಾಗುತ್ತದೆ. ರಿಯೆತ್ ಎಂಬ ತಿನಿಸಿಗಾಗಿ ಮಾಂಸವನ್ನು ಕೊಬ್ಬಿನಲ್ಲೇ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಎಳೆಎಳೆಯಾಗಿ ಬಿಡಿಸುತ್ತಾರೆ.

ಇಷ್ಟು ಶ್ರಮದ ಪದಾರ್ಥಗಳನ್ನು ಜೋಡಿಸುವುದಕ್ಕೂ ವಿವೇಕ ಬೇಕು. ಮೊದಲು ಬಟ್ಟಲುಗಳಿಗೆ ಜಾಗ: ಒಂದರಲ್ಲಿ ಡಿಜೋನ್ ಸಾಸಿವೆ, ಇನ್ನೊಂದರಲ್ಲಿ ಕಾರ್ನಿಶಾನ್, ಅಂದರೆ ವಿನೆಗರ್‌ನಲ್ಲಿ ನೆನೆದ ಮಿಡಿಸೌತೆ. ನಮ್ಮ ಊಟದಲ್ಲಿ ಉಪ್ಪಿನಕಾಯಿ ಮಾಡುವ ಕೆಲಸ ಅದರದು: ಜಿಡ್ಡನ್ನು ಮುರಿದು ನಾಲಿಗೆಯನ್ನು ಮತ್ತೆ ಚುರುಕಾಗಿಸುತ್ತದೆ. ಆಮೇಲೆ ಕೋಂತೆ ಚೀಸಿನ ತುಂಡು, ಕೊನೆಗೆ ಮಾಂಸ. ಹ್ಯಾಮನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆಚ್ಚಿ, ಒಂದರ ಮೇಲೊಂದು ಒತ್ತದೆ ಸಡಿಲವಾಗಿ ಮಡಚಿಡಬೇಕು. ಸೋಸಿಸೋನ್ ಬಿಲ್ಲೆಗಳು ತುಸು ದಪ್ಪವಿದ್ದರೆ ಚೆನ್ನ. ಬಡಿಸುವ ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರತೆಗೆದರೆ ಕೊಬ್ಬು ಮೆದುವಾಗಿ ಪರಿಮಳ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಗರಿಗರಿ ಬಗೆತ್ ಬ್ರೆಡ್ಡು ಇರಲೇಬೇಕು.

ಉಪ್ಪಿನ ಪಕ್ಕ ಹುಳಿ, ಮೆದುವಿನ ಪಕ್ಕ ಗರಿಗರಿ: ಈ ಲೆಕ್ಕ ಬಲ್ಲವರ ಹಲಗೆ ಚಿಕ್ಕದಾದರೂ ಸಮೃದ್ಧ. ಹತ್ತಾರು ಬಗೆ ತುರುಕುವುದಕ್ಕಿಂತ ಒಳ್ಳೆಯ ನಾಲ್ಕು ಬಗೆ ಸಾಕು. ಮಾಗಿಸಿದವರ ದುಡಿಮೆಗೆ ಸಲ್ಲುವ ಗೌರವ ಅದೇ.