ಜಾಲನಿರ್ಮಾಣದ ಮೊದಲ ಪಾಠದ ಪರಿಭಾಷೆ: ಕೊಪ್ಪಳ ಸೀಮೆಯ ನೆಲೆಯಿಂದ ಒಂದು ವಿಮರ್ಶೆ

ಸಾರಾಂಶ: ಜಾಲಪುಟ ನಿರ್ಮಾಣವನ್ನು ಹೊಸದಾಗಿ ಕಲಿಯುವವರಿಗೆ ಎದುರಾಗುವ ಕೆಲವು ಕನ್ನಡ ಪದಗಳನ್ನು ಈ ಟಿಪ್ಪಣಿ ಪರಿಶೀಲಿಸುತ್ತದೆ. ಪದದ ಮೂಲಕ್ಕಿಂತ, ಪರಿಕಲ್ಪನೆಗಳ ನಡುವಣ ಭೇದವನ್ನು ಅದು ಉಳಿಸುತ್ತದೆಯೇ ಎಂಬುದೇ ಪರಿಭಾಷೆಯ ಒರೆಗಲ್ಲಾಗಬೇಕೆಂದು ವಾದಿಸುತ್ತದೆ.

ಪ್ರಮುಖ ಪದಗಳು: ಪರಿಭಾಷೆ, ಎರವಲು, ಅರಿಸಮಾಸ, ಪದರಚನೆ, ಎಚ್‌ಟಿಎಂಎಲ್

1. ಸಮಸ್ಯೆಯ ಸ್ವರೂಪ

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ. ಸಂಸ್ಕೃತ ಮತ್ತು ಕನ್ನಡ ಪದಗಳ ಹೊಂದದ ಬೆಸುಗೆಯನ್ನು ದೋಷವೆಂದು ಎಣಿಸುವುದೂ ಅದೇ ಕೃತಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಜಾಲನಿರ್ಮಾಣದ ಮೊದಲ ಪಾಠಕ್ಕೆ ಬರುವ ವಿದ್ಯಾರ್ಥಿಗೆ ಆ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗುತ್ತದೆ. ಒಂದೇ ವಸ್ತುವಿಗೆ ವೆಬ್‌ಸೈಟ್, ಜಾಲತಾಣ, ಮಿಂದಾಣ ಎಂಬ ಮೂರು ಹೆಸರುಗಳಿವೆ. ಇವುಗಳಲ್ಲಿ ಯಾವುದು ಹೆಚ್ಚು ಕನ್ನಡ ಎಂಬಲ್ಲಿಯೇ ಚರ್ಚೆ ಬಹುಮಟ್ಟಿಗೆ ನಿಂತಿದೆ. ಅಚ್ಚಗನ್ನಡದ ಹಂಬಲದಿಂದ ಹುಟ್ಟಿದ 'ಮಿಂದಾಣ'ದ ಉತ್ತರಪದವೂ 'ಸ್ಥಾನ'ದ ತದ್ಭವವೇ ಎಂಬುದನ್ನು ನೆನೆದರೆ, ಮೂಲಶುದ್ಧಿಯ ಅಳತೆಗೋಲು ಎಷ್ಟು ದೂರ ಸಾಗೀತೆಂಬುದು ತಿಳಿಯುತ್ತದೆ. ಮೂರು ಪದಗಳೂ ಒಂದೇ ವಸ್ತುವನ್ನು ತೋರುವುದರಿಂದ ಕಲಿಯುವವರಿಗೆ ಇಲ್ಲಿ ದೊಡ್ಡ ತೊಡಕಿಲ್ಲ. ಒಂದೇ ಪದವು ಎರಡು ವಸ್ತುಗಳನ್ನು ತೋರತೊಡಗಿದಾಗ ತೊಡಕು ಆರಂಭವಾಗುತ್ತದೆ.

2. ಭೇದವನ್ನು ಅಳಿಸುವ ಪದಗಳು

ಅಂತರಜಾಲ, ಅಂತರ್ಜಾಲ ಎಂಬ ಜೋಡಿಯನ್ನು ನೋಡಬಹುದು. ಸಂಸ್ಕೃತದ 'ಅಂತರ್' ಎಂಬುದಕ್ಕೆ 'ನಡುವೆ' ಎಂಬ ಅರ್ಥವೂ ಉಂಟು. ಆದರೆ ಅಂತರ್ಗತ, ಅಂತರ್ಮುಖಿ ಮುಂತಾದ ಪದಗಳ ಬಲದಿಂದ ಕನ್ನಡಿಗರ ಕಿವಿಗೆ ಅದು 'ಒಳಗು' ಎಂದೇ ಕೇಳುತ್ತದೆ. ಇಂಟರ್ನೆಟ್ ಮತ್ತು ಇಂಟ್ರಾನೆಟ್‌ಗಳನ್ನು ಒಂದೇ ಪಾಠದಲ್ಲಿ ಬೋಧಿಸಬೇಕಾದಾಗ 'ಅಂತರ್ಜಾಲ' ಯಾವುದರ ಹೆಸರು? ಒಂದು ರೇಫದ ಮೇಲೆ ಇಷ್ಟು ಭಾರ ಹೊರಿಸುವ ಪರಿಭಾಷೆ ದುರ್ಬಲವಾದುದು.

'ಅಂಶ'ದ ಕಥೆ ಇನ್ನೂ ಜಟಿಲ. ತಂತ್ರಾಂಶ, ಯಂತ್ರಾಂಶಗಳಲ್ಲಿ ಅದು 'ವೇರ್' ಎಂಬ ಪ್ರತ್ಯಯಪ್ರಾಯ ಪದದ ಸ್ಥಾನದಲ್ಲಿದೆ, ದತ್ತಾಂಶದಲ್ಲಿ ಹಾಗಿಲ್ಲ. ಎಚ್‌ಟಿಎಂಎಲ್‌ನ ಎಲಿಮೆಂಟ್‌ಗೂ 'ಅಂಶ'ವೆಂದರೆ, ಒಂದೇ ಕುಟುಂಬದಂತೆ ತೋರುವ ನಾಲ್ಕು ಪದಗಳ ನಡುವೆ ನೆಂಟಸ್ತಿಕೆಯೇ ಇರುವುದಿಲ್ಲ. ಹಾಗೆಯೇ ಎಚ್‌ಟಿಎಂಎಲ್‌ನ ಆ್ಯಟ್ರಿಬ್ಯೂಟ್ ಮತ್ತು ಸಿಎಸ್‌ಎಸ್‌ನ ಪ್ರಾಪರ್ಟಿ ಎರಡಕ್ಕೂ 'ಗುಣ' ಎಂದರೆ, ಒಂದು ಪುಟದ ರಚನೆಗೆ ಸೇರಿದುದು, ಇನ್ನೊಂದು ಅದರ ತೋರಿಕೆಗೆ ಸೇರಿದುದು ಎಂಬ ಮೂಲಭೂತ ಭೇದವೇ ಮರೆಯಾಗುತ್ತದೆ.

ಶಾಲಾ ವ್ಯಾಕರಣವು ಇಲ್ಲಿ ನೆರವಾಗಬಲ್ಲದು. ಆ್ಯಟ್ರಿಬ್ಯೂಟ್ ಸ್ವತಂತ್ರವಾಗಿ ನಿಲ್ಲದೆ ಎಲಿಮೆಂಟನ್ನು ವಿಶೇಷಿಸುತ್ತದೆ. ಆದ್ದರಿಂದ ಅದನ್ನು 'ವಿಶೇಷಣ' ಎಂದು ಕರೆದು, 'ಗುಣ'ವನ್ನು ಸಿಎಸ್‌ಎಸ್‌ಗೆ ಬಿಡಬಹುದು. ಆ್ಯಟ್ರಿಬ್ಯೂಟ್‌ಗೆ ಹೆಸರು ಮತ್ತು ಬೆಲೆ ಎಂಬ ಎರಡು ಭಾಗಗಳಿರುವುದು ಸಾಮಾನ್ಯ, ವ್ಯಾಕರಣದ ವಿಶೇಷಣಕ್ಕೆ ಅವಿಲ್ಲ. ಈ ಹೋಲಿಕೆಯ ಮಿತಿಯನ್ನೂ ಪಾಠದಲ್ಲಿಯೇ ಹೇಳಬೇಕಾಗುತ್ತದೆ.

3. ಬೇರೂರಿದ ಪದಗಳು

'ಕಡತ' ಮತ್ತು 'ಕೊಂಡಿ' ಬೇರೆಯ ಬಗೆಯವು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಲ ಪುಡಿಯನ್ನು ಬಳಿದು, ಬಳಪದಿಂದ ಬರೆಯುತ್ತಿದ್ದ ಮಡಿಕೆಯ ಪುಸ್ತಕವೇ ಕಡತ. ಅದು ಕಚೇರಿಯ ಫೈಲಾಗಿ, ಆಮೇಲೆ ಗಣಕದ ಫೈಲಾಯಿತು. ವಸ್ತು ಬದಲಾದರೂ ಕೆಲಸ ಬದಲಾಗಲಿಲ್ಲ. ಕುಷ್ಟಗಿಯ ನೆರೆಯ ಇಳಕಲ್ಲಿನ ಸೀರೆ ನೇಯ್ಗೆಯಲ್ಲಿ ಮೂರು ಲಾಳಿಗಳಿಂದ ಒಡಲು ಮತ್ತು ಅಂಚುಗಳ ಹೊಕ್ಕನ್ನು ಒಂದಕ್ಕೊಂದು ಸಿಕ್ಕಿಸುವ ವಿಧಾನಕ್ಕೂ ಕೊಂಡಿಯೆಂದೇ ಹೆಸರು. ಲಿಂಕ್ ಎಂಬರ್ಥದ 'ಕೊಂಡಿ' ಈ ಸೀಮೆಯವರಿಗೆ ಅಪರಿಚಿತ ರೂಪಕವಲ್ಲ. ಅದಕ್ಕೆ ಕ್ರಿಯಾಪದಗಳೂ ಸಿದ್ಧವಾಗಿವೆ: ಕೊಂಡಿ ಹಾಕು, ಕೊಂಡಿ ಬಿಚ್ಚು, ಕೊಂಡಿ ಕಳಚು. ಕೆಲಸ ಮಾಡದ ಲಿಂಕನ್ನು 'ಕಳಚಿದ ಕೊಂಡಿ' ಎಂದರೆ ವಿವರಣೆಯೇ ಬೇಡ.

4. ಎರವಲಿನ ಎಲ್ಲೆ

ಹಾಗೆಂದು ಎರವಲನ್ನು ಅಂಜಬೇಕಿಲ್ಲ. 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯಲ್ಲಿ ತಹಶೀಲ್ದಾರ, ಜಮೀನು, ಅರ್ಜಿ ಎಂಬ ಪದಗಳು ಕನ್ನಡದ ವಿಭಕ್ತಿಗಳನ್ನು ಹೊತ್ತು ಕನ್ನಡವೇ ಆಗಿವೆ. ಸರ್ವರಿಗೆ, ಬ್ರೌಸರಿನಲ್ಲಿ ಎಂಬ ರೂಪಗಳೂ ಅದೇ ದಾರಿ ಹಿಡಿದಿವೆ. ಕೇಶಿರಾಜನೂ ಅರಿಸಮಾಸವನ್ನು ನಿಷೇಧಿಸುತ್ತಲೇ ಅಪವಾದಗಳನ್ನು ಒಪ್ಪಿದವನು. 'ವೆಬ್‌ಪುಟ'ವನ್ನು ಆ ಸಾಲಿಗೆ ಸೇರಿಸಲು ಅಡ್ಡಿಯಿಲ್ಲ.

ಆದರೆ ಒಂದು ಗೆರೆಯನ್ನು ಎಳೆಯಬೇಕು. ಎಚ್‌ಟಿಎಂಎಲ್‌ನ ಟ್ಯಾಗುಗಳ ಹೆಸರುಗಳು ವಸ್ತುಭಾಷೆಗೆ ಸೇರಿದವು. ಅವನ್ನು ಅನುವಾದಿಸಿದರೆ ಬ್ರೌಸರ್ ಗುರುತಿಸದು. ಟ್ಯಾಗ್ ಎಂದರೇನು ಎಂದು ತಿಳಿಸುವ ಮಾತು ಅಧಿಭಾಷೆ. ಅದು ಕನ್ನಡವಾಗದಿದ್ದರೆ ವಿದ್ಯಾರ್ಥಿ ನಕಲು ಮಾಡಬಲ್ಲರೇ ಹೊರತು ತಪ್ಪನ್ನು ಹುಡುಕಲಾರರು. ಇಂಗ್ಲಿಷನ್ನೇ ಉಳಿಸಿಕೊಳ್ಳಿ ಎನ್ನುವವರೂ, ಎಲ್ಲವನ್ನೂ ಕನ್ನಡಿಸಿ ಎನ್ನುವವರೂ ಈ ಎರಡು ಸ್ತರಗಳನ್ನು ಬೆರೆಸುತ್ತಾರೆ.

5. ಉಪಸಂಹಾರ

ಪದಕೋಶಗಳು ಪದಕ್ಕೆ ಪದವನ್ನಿಟ್ಟು ಮುಗಿಸುತ್ತವೆ. ಮೊದಲ ಪಾಠಕ್ಕೆ ಬೇಕಾದುದು ಪರಸ್ಪರ ಸಂಬಂಧವುಳ್ಳ ಪದಗಳ ಒಂದು ಸಣ್ಣ ಗುಚ್ಛ. ಪುಟ, ತಾಣ, ಕೊಂಡಿ, ಕಡತ, ವಿಶೇಷಣ, ಗುಣ ಇವುಗಳಿಂದ ಅದನ್ನು ಆರಂಭಿಸಬಹುದು. ಒಂದು ಪದವನ್ನು ಒಪ್ಪುವ ಮುನ್ನ ಅದರ ಪಕ್ಕದ ಪದವನ್ನೂ ಕೇಳಿಕೊಳ್ಳುವುದು ಪರಿಭಾಷಾಕಾರರ ಮೊದಲ ಕರ್ತವ್ಯ.