ಕೌದಿಯಲ್ಲಿ ಸಿಕ್ಕ ಸುಳಿವು

ಭೀಮರಾಯನಗುಡಿ ನೀರಿನ ಕಚೇರಿಗಳ ಊರು. ಕೃಷ್ಣಾ ಮೇಲ್ದಂಡೆ ಯೋಜನೆಯಿಂದಲೇ ನಮ್ಮ ಕಾಲೊನಿ ಬೆಳೆಯಿತು. ನಾರಾಯಣಪುರದಿಂದ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಕೊನೆಯ ಹೊಲದವರೆಗೆ ಬರುತ್ತದೋ ಇಲ್ಲವೋ ಎಂಬುದು ಇಲ್ಲಿ ಹೆಂಗಸರ ಮಾತಿನಲ್ಲೂ ಇರುತ್ತದೆ. ಹಾಗಾಗಿಯೇ ಅಮೆರಿಕದ ‘ಚೈನಾಟೌನ್’ ನನ್ನನ್ನು ಅಷ್ಟು ಹಿಡಿದು ಕೂರಿಸಿತು. 1974ರ ಈ ಪತ್ತೇದಾರಿ ಚಿತ್ರದಲ್ಲಿ ಕಳುವಾಗುವುದು ನೀರು.

ಕಥೆ 1937ರ ಲಾಸ್ ಏಂಜಲೀಸ್‌ನದು. ಊರೆಲ್ಲ ಬರಗಾಲ ಎನ್ನುತ್ತಿರುವಾಗ ರಾತ್ರಿ ಯಾರೋ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಾರೆ. ಪಕ್ಕದ ಕಣಿವೆಯ ತೋಟಗಳು ಒಣಗಿ ಭೂಮಿ ಅಗ್ಗವಾಗುತ್ತದೆ. ಕೊಂಡವರು ಯಾರು? ಪತ್ತೇದಾರ ಗಿಟ್ಟಿಸ್ (ಜ್ಯಾಕ್ ನಿಕೋಲ್ಸನ್) ದಾಖಲೆ ಪುಸ್ತಕ ತೆಗೆಸಿದರೆ ಅಲ್ಲಿರುವುದು ವೃದ್ಧಾಶ್ರಮದ ಮುದುಕ ಮುದುಕಿಯರ ಹೆಸರು. ಒಬ್ಬನಂತೂ ಸತ್ತ ಮೇಲೆ ಜಮೀನು ಕೊಂಡಿದ್ದಾನೆ! ಕೌದಿ ಹೊಲಿಯುತ್ತ ಕೂತ ಅಜ್ಜಿಗೆ ತಾನು ಅಷ್ಟು ಭೂಮಿಯ ಒಡತಿ ಎಂಬುದೇ ಗೊತ್ತಿಲ್ಲ. ಆ ಕೌದಿಗೆ ಹಚ್ಚಿದ ಬಟ್ಟೆಯಲ್ಲೇ ಸಂಚುಗಾರರ ಕ್ಲಬ್ಬಿನ ಗುರುತಿದೆ.

ಚಿತ್ರದ ಸೆಳೆತವೆಲ್ಲ ನನಗೆ ಈ ದೃಶ್ಯದಲ್ಲಿ ಕಂಡಿತು. ಸಂಚು ಸರಕಾರಿ ಪುಸ್ತಕದಲ್ಲಿ ಬಹಿರಂಗವಾಗಿಯೇ ಕೂತಿದೆ. ಓದುವವರು ಬೇಕು, ಅಷ್ಟೆ. ‘ಯವ್ವಾ, ಇಲ್ಲೊಂದು ಹೆಬ್ಬಟ್ಟು ಒತ್ತು’ ಎಂದರೆ ಯಾತಕ್ಕೆಂದು ಕೇಳದೆ ಒತ್ತಿದವರು ನಮ್ಮ ಮನೆಗಳಲ್ಲೂ ಇದ್ದಾರಲ್ಲ!

ಇದಕ್ಕೆ ನಿಜದ ಬೇರೂ ಇದೆ. ಲಾಸ್ ಏಂಜಲೀಸ್ ನಗರ 1913ರಲ್ಲಿ 233 ಮೈಲಿ ದೂರದ ಓವೆನ್ಸ್ ಕಣಿವೆಯಿಂದ ನೀರು ತಂದಿತು. 1920ರ ದಶಕದಲ್ಲಿ ಅಲ್ಲಿಯ ಸರೋವರವೇ ಬತ್ತಿತು. ಅದನ್ನು ನೆನೆದು ಬರೆದ ಚಿತ್ರಕಥೆಗೆ ರಾಬರ್ಟ್ ಟೌನ್ ಆಸ್ಕರ್ ಪಡೆದರು.

ನೀರು ಕದ್ದ ಸಿರಿವಂತ ನೋಆ ಕ್ರಾಸ್ ಹೆತ್ತ ಮಗಳನ್ನೂ ಬಿಟ್ಟವನಲ್ಲ. ಆ ಮಗಳು ಈವ್ಲಿನ್ (ಫೇ ಡನವೇ) ಅವನಿಂದಲೇ ಹುಟ್ಟಿದ ಹುಡುಗಿಯನ್ನು ಅವನ ಕಣ್ಣಿಗೆ ಬೀಳದಂತೆ ಕಾಯುತ್ತಿದ್ದಾಳೆ. ಗಿಟ್ಟಿಸ್ ಅವಳನ್ನೇ ಸಂಶಯಿಸಿ, ಕೆನ್ನೆಗೆ ಹೊಡೆದು ಬಾಯಿ ಬಿಡಿಸುತ್ತಾನೆ. ದಾಖಲೆ ಓದಬಲ್ಲ ಜಾಣನಿಗೆ ಹೆಣ್ಣಿನ ಅಂಜಿಕೆ ಓದಲು ಬರಲಿಲ್ಲ.

ಟೌನ್ ಈವ್ಲಿನ್‌ಳನ್ನು ಉಳಿಸಬೇಕೆಂದಿದ್ದರು. ನಿರ್ದೇಶಕ ಪೋಲಾನ್ಸ್ಕಿ ಒಪ್ಪಲಿಲ್ಲ. ಅವಳು ಗುಂಡಿಗೆ ಬೀಳುತ್ತಾಳೆ, ಹುಡುಗಿ ಮುದುಕನ ಪಾಲಾಗುತ್ತಾಳೆ. ಈ ಮುಕ್ತಾಯದ ಮೇಲೆ ನನಗೆ ಸಿಟ್ಟಿದೆ, ಆದರೆ ಅದು ಸುಳ್ಳೆನ್ನಲಾರೆ. ಊರ ನೀರನ್ನು ತನ್ನದೆಂದವನು ಮನೆಯ ಹೆಣ್ಣನ್ನೂ ತನ್ನ ಸೊತ್ತೆಂದೇ ತಿಳಿದಿರುತ್ತಾನೆ. ನೀರಿನ ಕಳವನ್ನು ಪತ್ರಿಕೆಗಳಾದರೂ ಬರೆದಾವು. ಮನೆಯೊಳಗಿನದನ್ನು ಕೇಳುವವರು ಯಾರು?