ಪೋರ್ಚುಗೀಸ್ ನುಡಿ ಮತ್ತು ಅದನ್ನಾಡುವ ಜನ

ಕನ್ನಡಕ್ಕೆ ಬಂದು ಸೇರಿದ ಅನ್ಯದೇಶ್ಯ ಶಬ್ದಗಳ ಪಾಠದಲ್ಲಿ ನಮ್ಮಂಥ ಉಪಾಧ್ಯಾಯರು ಪೋರ್ಚುಗೀಸ್ ಭಾಷೆಗೆ ಕೊಡುವ ವೇಳೆ ಎರಡು ನಿಮಿಷ. ಪಾದ್ರಿ, ಇಸ್ತ್ರಿ, ಪಗಾರ, ಚಾವಿ, ಅನಾನಸು ಎಂದು ಕರಿಹಲಗೆಯ ಮೇಲೆ ಬರೆದರೆ ಮುಗಿಯಿತು; ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ. ಈ ಪಟ್ಟಿಯನ್ನು ವರ್ಷಗಟ್ಟಲೆ ಒಪ್ಪಿಸಿದವರಲ್ಲಿ ನಾನೂ ಒಬ್ಬ. ಆಮೇಲೆ, ಕೃಷ್ಣದೇವರಾಯನ ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಡೊಮಿಂಗೊ ಪಾಯೆಸನನ್ನು ಅವನ ಮಾತಿನಲ್ಲಿಯೇ ಓದಬೇಕೆಂಬ ಹುಚ್ಚು ಹಿಡಿದು ಆ ಭಾಷೆಯನ್ನು ಕಲಿಯಹೊರಟೆ. ವ್ಯಾಕರಣವೂ ನಿಘಂಟೂ ನನ್ನನ್ನು ಹೊಸಲಿನವರೆಗೆ ಕರೆತಂದು ಅಲ್ಲಿಯೇ ಬಿಟ್ಟು ಹೋದುವು. ಒಳಗೆ ಕಾಲಿಡಬೇಕಾದರೆ ಆ ಮನೆಯವರು ಯಾರು, ಏನೇನು ಮಾಡಿದವರು, ಏನೇನು ಅನುಭವಿಸಿದವರು ಎಂಬುದು ಗೊತ್ತಿರಬೇಕು.

ವಾರದ ದಿನಗಳನ್ನೇ ತೆಗೆದುಕೊಳ್ಳಿ. ಲ್ಯಾಟಿನ್ನಿನ ಮಕ್ಕಳಾದ ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ಸೋಮವಾರ ಚಂದ್ರನದು, ಮಂಗಳವಾರ ಮಂಗಳನದು. ಈ ವಿಷಯದಲ್ಲಿ ಅವರೂ ನಾವೂ ಒಂದೇ. ಅದೇ ತಾಯಿಯ ಮಗಳಾದ ಪೋರ್ಚುಗೀಸಿನಲ್ಲಿ ಸೋಮವಾರ ‘ಸೆಗುಂದ ಫೆಯ್ರ’, ಮಂಗಳವಾರ ‘ತೆರ್ಸ ಫೆಯ್ರ’. ಸೆಗುಂದ ಎಂದರೆ ಎರಡನೆಯದು, ತೆರ್ಸ ಎಂದರೆ ಮೂರನೆಯದು. ಫೆಯ್ರ ಎಂದರೇನೆಂದು ನಿಘಂಟನ್ನು ತೆರೆದರೆ ಸಿಕ್ಕುವ ಅರ್ಥ, ಸಂತೆ! ಸೋಮವಾರ ಎರಡನೆಯ ಸಂತೆ ಹೇಗಾಯಿತು? ಮೊದಲನೆಯ ಸಂತೆ ಎಲ್ಲಿ ಹೋಯಿತು? ಉತ್ತರ ನಿಘಂಟಿನಲ್ಲಿಲ್ಲ, 6ನೆಯ ಶತಮಾನದಲ್ಲಿದೆ. ಈಗಿನ ಉತ್ತರ ಪೋರ್ಚುಗಲ್ಲಿನ ಬ್ರಾಗ ಪಟ್ಟಣದಲ್ಲಿ ಮಾರ್ತಿನ್ಯು ಎಂಬ ಬಿಷಪ್ಪನಿದ್ದ. ಕ್ರೈಸ್ತರಾದ ಮೇಲೂ ಹಳ್ಳಿಯ ಜನ ದಿನಗಳನ್ನು ಹಳೆಯ ದೇವತೆಗಳ ಹೆಸರಿನಿಂದಲೇ ಕರೆಯುತ್ತಿದ್ದುದು ಆತನಿಗೆ ಸಹಿಸಲಿಲ್ಲ. ಅದನ್ನು ಖಂಡಿಸಿ ಬರೆದ. ದೇವತೆಗಳು ಹೋಗಿ ಚರ್ಚಿನ ಎಣಿಕೆ ಬಂದುದಕ್ಕೆ ಆತನನ್ನೇ ಕಾರಣವಾಗಿ ಹೇಳುವುದು ವಾಡಿಕೆ. ಲ್ಯಾಟಿನ್ನಿನ ‘ಫೇರಿಯ’ ಹಬ್ಬದ ಬಿಡುವಿನ ದಿನ. ಜನ ನೆರೆಯುವ ಹಬ್ಬದಲ್ಲಿ ಸಂತೆಯೂ ಕಟ್ಟುತ್ತದೆಯಾಗಿ ಆ ಮಾತು ಸಂತೆಯ ಅರ್ಥಕ್ಕೆ ತಿರುಗಿತು. ಎಣಿಕೆಯಲ್ಲಿ ಮೊದಲನೆಯದು ಭಾನುವಾರ, ಅದು ಪ್ರಭುವಿನ ದಿನವಾಗಿ ‘ದೊಮಿಂಗು’ ಎನಿಸಿಕೊಂಡಿತು. (ನಮ್ಮ ಪಾಯೆಸನ ಹೆಸರಿನ ಮೂಲವೂ ಅದೇ.) ಬಿಷಪ್ಪನೊಬ್ಬನ ಹಟ ಹದಿನಾಲ್ಕು ಶತಮಾನಗಳ ಆಚೆಗೂ ಲಿಸ್ಬನ್ನಿನ ಕಛೇರಿ ಕ್ಯಾಲೆಂಡರಿನಲ್ಲಿ ಉಳಿದಿದೆ. ಇಷ್ಟನ್ನು ಕೇಳಿದ ವಿದ್ಯಾರ್ಥಿ ಆ ಹೆಸರುಗಳನ್ನು ಮತ್ತೆ ಮರೆಯಲಾರ. ಪಾಠಪುಸ್ತಕ ಮಾತ್ರ ‘ಬಾಯಿಪಾಠ ಮಾಡಿರಿ’ ಎಂದು ಮುಂದೆ ಹೋಗುತ್ತದೆ.

ಸರ್ವನಾಮದ ಪಾಠವೂ ಹೀಗೆಯೇ. ‘ವೊಸೆ’ ಎಂದರೆ ನೀನು ಅಥವಾ ನೀವು. ಆದರೆ ಅದರೊಡನೆ ಬರುವ ಕ್ರಿಯಾಪದ ಪ್ರಥಮ ಪುರುಷದ್ದು, ಅಂದರೆ ‘ಅವನು’ ಎಂಬುದಕ್ಕೆ ಹೊಂದುವಂಥದು. ಏಕೆ ಎಂದು ಕೇಳಿದರೆ ವ್ಯಾಕರಣಕಾರ ಮೌನ. ಈ ಪದ ಹುಟ್ಟಿದ್ದು ‘ವೊಸ್ಸ ಮೆರ್ಸೆ’ಯಿಂದ: ‘ತಮ್ಮ ಕೃಪೆ’ ಎಂದು ದೊಡ್ಡವರನ್ನು ಸಂಬೋಧಿಸುತ್ತಿದ್ದ ಗೌರವದ ಮಾತು. ಎದುರಿಗಿರುವವರನ್ನೇ ದೂರ ನಿಲ್ಲಿಸಿ ‘ಸ್ವಾಮಿಗಳವರು ದಯಮಾಡಿಸಬೇಕು’ ಎನ್ನುತ್ತಿದ್ದ ನಮ್ಮ ಹಿರಿಯರಿಗೆ ಇದು ಒಡನೆ ಅರ್ಥವಾಗುತ್ತಿತ್ತು. ಬಾಯಿಂದ ಬಾಯಿಗೆ ಸವೆದು ಅದು ‘ವೊಸೆ’ ಆಯಿತು. ಕ್ರಿಯಾಪದ ಮಾತ್ರ ಇನ್ನೂ ಕೈಕಟ್ಟಿ ನಿಂತಿದೆ. ಸೋಜಿಗವೆಂದರೆ, ಬ್ರೆಜಿಲ್‌ನ ಬಹುಭಾಗದಲ್ಲಿ ಗೆಳೆಯರಿಗೆ, ಮಕ್ಕಳಿಗೆ, ಎಲ್ಲರಿಗೂ ಸಲ್ಲುವ ಈ ಮಾತನ್ನು ಪೋರ್ಚುಗಲ್ಲಿನ ಹಿರಿಯರೊಬ್ಬರ ಮುಂದೆ ಆಡಿದರೆ ಅವರ ಮುಖ ಗಂಟಾಗಬಹುದು. ಒಂದೇ ಪದ, ಸಮುದ್ರದ ಒಂದು ದಡದಲ್ಲಿ ಸಲಿಗೆ, ಇನ್ನೊಂದು ದಡದಲ್ಲಿ ಕೊಂಚ ಒರಟು. ಪೋರ್ಚುಗಲ್ಲಿನ ಜನಸಂಖ್ಯೆ ಒಂದು ಕೋಟಿಯ ಆಸುಪಾಸು, ಬ್ರೆಜಿಲ್ಲಿನದು ಇಪ್ಪತ್ತು ಕೋಟಿಗೂ ಮಿಗಿಲು. ಹಾಗಿರುವಾಗ ‘ಪೋರ್ಚುಗೀಸರ ಸಂಸ್ಕೃತಿಯ ಮೂಲಕ ಪೋರ್ಚುಗೀಸ್’ ಎಂದು ಹೇಳುವವರು ಯಾವ ಜನರ ಸಂಸ್ಕೃತಿಯನ್ನು ಕುರಿತು ಹೇಳುತ್ತಿದ್ದಾರೆ ಎಂಬುದನ್ನು ಮೊದಲು ತಿಳಿಸಬೇಕಾಗುತ್ತದೆ.

ಇದಕ್ಕೆ ‘ಒಶಲಾ’ ಎಂಬ ಪದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 711ರಲ್ಲಿ ಮುಸಲ್ಮಾನ ಸೈನ್ಯ ಐಬೀರಿಯಕ್ಕೆ ದಾಟಿ ಬಂದಿತು. 1249ರಲ್ಲಿ ಪೋರ್ಚುಗಲ್ಲಿನ ದಕ್ಷಿಣ ತುದಿಯ ಫಾರು ಪಟ್ಟಣವನ್ನು ಕ್ರೈಸ್ತ ದೊರೆ ಗೆದ್ದುಕೊಳ್ಳುವ ತನಕ ಆ ನೆಲದ ಒಂದಲ್ಲ ಒಂದು ಭಾಗದಲ್ಲಿ ಅರಬ್ಬಿ ಮೊಳಗುತ್ತಿತ್ತು. ಆಳಿದವರು ಹೋದರು, ಅವರ ಮಾತುಗಳು ಅಡುಗೆಮನೆಯಲ್ಲಿ ಉಳಿದುವು. ಎಣ್ಣೆ, ಸಕ್ಕರೆ, ಕಿತ್ತಳೆ, ಎಲ್ಲಕ್ಕೂ ಅರಬ್ಬಿಯ ಮೂಲಕ ಬಂದ ಹೆಸರುಗಳು. ಅವರ ‘ಅಸೂಕರ್’ ನಮ್ಮ ಶರ್ಕರೆಯೇ, ‘ಲರಾಂಜ’ ನಾರಂಗವೇ. ಹಾಗೆಯೇ, ಜಪಮಾಲೆ ಹಿಡಿದ ಕ್ಯಾಥೊಲಿಕ್ ಅಜ್ಜಿ ‘ಒಶಲಾ ಮಳೆ ಬರಲಿ’ ಎಂದು ಹಾರೈಸುವಾಗ ತಿಳಿಯದೆಯೇ ಅಲ್ಲಾಹನ ಚಿತ್ತವನ್ನು ಬೇಡುತ್ತಿರುತ್ತಾಳೆ. ‘ದೇವರು ಮನಸ್ಸು ಮಾಡಿದರೆ’ ಎಂಬ ಅರಬ್ಬಿ ವಾಕ್ಯ ಹುದುಗಿರುವುದು ಆ ಪದದಲ್ಲಿ. ಇದು ಪೋರ್ಚುಗಲ್ಲಿನ ಕಥೆ. ಬ್ರೆಜಿಲ್ಲಿನ ಸಾಲ್ವಡೋರ್ ನಗರದಲ್ಲಿ ಅದೇ ಉಚ್ಚಾರಣೆಯ ಒಶಲಾ ಒಬ್ಬ ದೇವರು. ಪಶ್ಚಿಮ ಆಫ್ರಿಕದ ಯೊರುಬ ಜನ ಗುಲಾಮರಾಗಿ ಬಂದಾಗ ಹೊತ್ತು ತಂದ ದೈವ; ಅವನ ಗೌರವಾರ್ಥವಾಗಿ ಅಲ್ಲಿ ಶುಕ್ರವಾರ ಬಿಳಿಯ ಬಟ್ಟೆ ತೊಡುವವರಿದ್ದಾರೆ. ಒಡೆಯರ ಚರ್ಚಿನ ಬೊಂಫಿಂ ಪ್ರಭುವಿನಲ್ಲಿಯೇ ತಮ್ಮ ಒಶಲಾನನ್ನು ಕಂಡು ಅವರು ಅವನನ್ನು ಉಳಿಸಿಕೊಂಡರು. ಎರಡೂ ಪದಗಳಿಗೆ ಸಂಬಂಧವೇ ಇಲ್ಲ, ಧ್ವನಿ ಮಾತ್ರ ಒಂದು. ಯಾವ ಒಶಲಾ ಎಂಬುದನ್ನು ಹೇಳುವುದು ಆಡುವವನ ಚರಿತ್ರೆ.

ಇಂಥ ಚರಿತ್ರೆಯನ್ನು ಬಿಟ್ಟು ‘ಸಂಸ್ಕೃತಿ’ಯ ಹೆಸರಿನಲ್ಲಿ ಕಲಿಯುವವರಿಗೆ ಉಣಬಡಿಸುವುದು ಹೆಚ್ಚಾಗಿ ಒಂದೇ ಮಾತು: ‘ಸೌದಾದೆ’. ಅಗಲಿದ್ದರ ಹಂಬಲ, ಸಿಹಿಯಾದ ಕೊರಗು. ಬೇರೆ ಯಾವ ಭಾಷೆಗೂ ಇದನ್ನು ತರಲಾಗದು ಎಂಬ ಘೋಷಣೆ ಬೇರೆ. ಪಂಪನ ಅರ್ಜುನ ಬನವಾಸಿಯನ್ನು ನೆನೆಯುವ ಪದ್ಯಗಳನ್ನು ಪಾಠ ಹೇಳಿದವರು ಈ ಘೋಷಣೆಯನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಸೌದಾದೆ ಸುಳ್ಳೆಂದಲ್ಲ, 15ನೆಯ ಶತಮಾನದ ದೊರೆ ದುವಾರ್ತೆಯೇ ಆ ಪದವನ್ನು ಕುರಿತು ವಿಚಾರಮಾಡಿ ಬರೆದಿದ್ದಾನೆ. ಆದರೆ ಅದು ಇಡೀ ಜನಾಂಗದ ಆತ್ಮವೆಂಬ ವಾದಕ್ಕೆ ಬಲ ಬಂದದ್ದು 1910ರ ಗಣರಾಜ್ಯ ಸ್ಥಾಪನೆಯ ಅನಂತರ, ಪಾಶ್ಕ್ವಾಯಿಶ್ ಮೊದಲಾದ ಕವಿಗಳಿಂದ. ಅಳುವವನ ಹಂಬಲವನ್ನು ಮಾತ್ರ ಕೇಳಿಸಿ, ಅವನ ಹಡಗಿನ ತಳದಲ್ಲಿದ್ದವನ ಹಂಬಲವನ್ನು ಕೇಳಿಸದಿರುವುದು ಅರ್ಧ ಪಾಠ. ಕೇಪ್ ವರ್ಡ್ ದ್ವೀಪಗಳ ಕ್ರಿಯೋಲಿನಲ್ಲಿ ಇದೇ ಪದ ‘ಸೊದಾದೆ’ ಆಗಿದೆ. ಸೆಸಾರಿಯ ಎವೊರ ಹಾಡಿ ಲೋಕಕ್ಕೆ ತಿಳಿಸಿದ ಆ ಹೆಸರಿನ ಹಾಡು, ಕೂಲಿಗಾಗಿ ಸಾವ್ ತೊಮೆ ದ್ವೀಪದ ತೋಟಗಳಿಗೆ ಹೋದವರನ್ನು ಕುರಿತದ್ದು. ಬ್ರೆಜಿಲ್ಲಿಗೆ ಸಾಗಿಸಲ್ಪಟ್ಟ ಆಫ್ರಿಕನರು ನಲವತ್ತು ಲಕ್ಷಕ್ಕೂ ಹೆಚ್ಚು. ಅಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಂಡದ್ದು 1888ರಲ್ಲಿ. ಬ್ರೆಜಿಲ್ಲಿನ ಮನೆಗಳಲ್ಲಿ ಕಡೆಯ ಮಗುವನ್ನು ಮುದ್ದಿನಿಂದ ‘ಕಸೂಲ’ ಎನ್ನುತ್ತಾರೆ. ಅಂಗೋಲದ ಕಿಂಬುಂದು ಭಾಷೆಯ ಮಾತದು. ಒಡೆಯರ ಮಕ್ಕಳನ್ನು ಎತ್ತಿ ಆಡಿಸಿದವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಂಗೋಲದ ಮಾತು ಬಂದುದರಿಂದ ಒಂದು ಪುಸ್ತಕದ ಹೆಸರು ಹೇಳಲೇಬೇಕು. ಲುವಾಂದಿನು ವಿಯೆಯ್ರ ಬರೆದ ‘ಲುವಾಂಡ’ ಎಂಬ ಕಥೆಗಳ ಸಂಗ್ರಹ, ಲುವಾಂಡ ನಗರದ ಬಡಕೇರಿಗಳ ಜನ ಆಡುವ, ಕಿಂಬುಂದು ಬೆರೆತ ಪೋರ್ಚುಗೀಸಿನಲ್ಲಿದೆ. ಶಿಷ್ಟಭಾಷೆ ಬಲ್ಲವನಿಗೆ ಅದು ತಪ್ಪುಗಳ ಕಂತೆಯಾಗಿ ಕಂಡೀತು. ತಾಳ್ಮೆಯಿಂದ ಓದಿದರೆ, ಆಳುವವರ ಭಾಷೆಯನ್ನು ಆಳಿಸಿಕೊಂಡವರು ತಮ್ಮ ನಾಲಗೆಗೆ ಬಗ್ಗಿಸಿಕೊಂಡ ಬಗೆ ತಿಳಿಯುತ್ತದೆ. 1965ರಲ್ಲಿ ಪೋರ್ಚುಗಲ್ಲಿನ ಲೇಖಕರ ಸಂಘ ಅದಕ್ಕೆ ಬಹುಮಾನ ಕೊಟ್ಟಿತು. ಆಗ ಲೇಖಕ ಕೇಪ್ ವರ್ಡಿನ ಸೆರೆ ಶಿಬಿರದಲ್ಲಿದ್ದ. ಸಾಲಜಾರನ ಸರ್ಕಾರ ಮಾಡಿದ್ದೇನು? ಸಂಘವನ್ನೇ ಮುಚ್ಚಿಸಿತು! ಅಂಗೋಲ, ಮೊಜಾಂಬಿಕ್ ಸ್ವತಂತ್ರವಾದದ್ದು 1975ರಲ್ಲಿ. ಎರಡೂ ಪೋರ್ಚುಗೀಸನ್ನೇ ಆಡಳಿತ ಭಾಷೆಯಾಗಿ ಇಟ್ಟುಕೊಂಡುವು. ಇಂಗ್ಲಿಷಿನೊಡನೆ ನಾವು ನಡೆಸುತ್ತ ಬಂದಿರುವ ಸಂಸಾರವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ಇನ್ನು ನಾನು ಹೊರಟ ಕೆಲಸಕ್ಕೆ ಬರುತ್ತೇನೆ. ಪಾಯೆಸ್ ಮತ್ತು ಕುದುರೆ ವ್ಯಾಪಾರಿ ನ್ಯೂನಿಜ್, 16ನೆಯ ಶತಮಾನದ ಈ ಇಬ್ಬರ ಬರಹಗಳ ಹಸ್ತಪ್ರತಿ ಪ್ಯಾರಿಸ್ಸಿನಲ್ಲಿತ್ತು. ದಾವೀದ್ ಲೋಪಿಶ್ ಎಂಬ ವಿದ್ವಾಂಸ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. 1900ರಲ್ಲಿ ರಾಬರ್ಟ್ ಸ್ಯೂವೆಲ್ ಇಂಗ್ಲಿಷಿಗೆ ತಂದ. ನಮ್ಮ ಪಾಠಪುಸ್ತಕಗಳಿಗೆ ಇಳಿದುಬಂದ ಪಾಯೆಸ್ ಹೆಚ್ಚಾಗಿ ಸ್ಯೂವೆಲನ ಇಂಗ್ಲಿಷಿನ ಪಾಯೆಸ್. ಸ್ಯೂವೆಲನ ಉಪಕಾರವನ್ನು ಮರೆಯುವವನು ನಾನಲ್ಲ. ಆದರೂ ಮೂಲದ ಪದಗಳೊಡನೆ ಮುಖಾಮುಖಿಯಾದಾಗ ಕಾಣುವುದೇ ಬೇರೆ. ಆ ಕಾಲದ ಪೋರ್ಚುಗೀಸರು ಇಲ್ಲಿಯ ಮುಸಲ್ಮಾನರೆಲ್ಲರನ್ನೂ ‘ಮೌರು’ ಎಂದರು. ಅರಬ್ಬರಾಗಲಿ, ತುರ್ಕರಾಗಲಿ, ದಖ್ಖಣದವರಾಗಲಿ ಭೇದವಿಲ್ಲ. ತಮ್ಮ ಊರಿನಲ್ಲಿ ಐದು ಶತಮಾನ ಕಾದಾಡಿದ ಶತ್ರುವಿನ ಹೆಸರನ್ನು ಹಡಗಿನಲ್ಲಿ ಹೊತ್ತು ತಂದಿದ್ದರು. ನಮ್ಮ ಜಾತಿಗಳಿಗೆ ಅವರು ಇಟ್ಟ ಹೆಸರು ‘ಕಾಸ್ತ’: ತಳಿ, ವಂಶ ಎಂಬರ್ಥ. ಇಂಗ್ಲಿಷಿನ ‘ಕಾಸ್ಟ್’ ಅಲ್ಲಿಂದಲೇ ಬಂದದ್ದು. ಇಂದಿಗೂ ಪೋರ್ಚುಗಲ್ಲಿನ ದ್ರಾಕ್ಷಿ ಬೆಳೆಗಾರ ತನ್ನ ಬಳ್ಳಿಯ ತಳಿಗೆ ಕಾಸ್ತ ಎನ್ನುತ್ತಾನೆ. ನಮ್ಮ ಸಮಾಜವನ್ನು ಕುರಿತು ಜಗತ್ತೆಲ್ಲ ಬಳಸುವ ಆ ಶಬ್ದ ಪಶುಗಳ, ಬಳ್ಳಿಗಳ ತಳಿ ನೋಡುವವರ ಬಾಯಿಂದ ಬಂದದ್ದೆಂಬುದು ತಿಳಿದಮೇಲೆ, ಅದನ್ನು ಓದುವ ಕಣ್ಣು ಮೊದಲಿನಂತಿರುವುದಿಲ್ಲ.

ಕನ್ನಡಿಗರಿಗೆಂದೇ ಕಾದಿರುವ ಗುಂಡಿ ಇನ್ನೊಂದಿದೆ. 1640ರಲ್ಲಿ ಗೋವೆಯ ರಾಚೋಲಿನಲ್ಲಿ ಪಾದ್ರಿ ಥಾಮಸ್ ಸ್ಟೀಫನ್ಸನ ವ್ಯಾಕರಣವೊಂದು ಅಚ್ಚಾಯಿತು. ಹೆಸರು ‘ಕನರಿಂ’ ಭಾಷೆಯ ವ್ಯಾಕರಣ. ಹೆಸರು ನೋಡಿ, ಆಹಾ, ಕನ್ನಡದ ವ್ಯಾಕರಣ ಇಷ್ಟು ಹಿಂದೆಯೇ ಪೋರ್ಚುಗೀಸಿನಲ್ಲಿ ಬಂದಿತ್ತೆಂದು ಹಿಗ್ಗಿದರೆ ಕೆಟ್ಟೆವು. ಅದು ಕೊಂಕಣಿಯ ವ್ಯಾಕರಣ. ಗೋವೆಯ ಜನರನ್ನೂ ಅವರ ಮಾತನ್ನೂ ಪೋರ್ಚುಗೀಸರು ಕರೆಯುತ್ತಿದ್ದುದೇ ಹಾಗೆ. ನಿಘಂಟೊಂದನ್ನೇ ನಂಬಿದವನು ಇಲ್ಲಿ ಒಂದು ಭಾಷೆಯನ್ನೇ ಇನ್ನೊಂದಕ್ಕೆ ಧಾರೆಯೆರೆದಾನು.

ನನ್ನನ್ನು ಅತಿ ಹೆಚ್ಚು ಕಾಡಿದ ಪದ ‘ಪಗೋದೆ’. ಅದರ ವ್ಯುತ್ಪತ್ತಿಯಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆ ಕಾಲದ ಬರಹಗಳಲ್ಲಿ ಅದು ಕೆಲವೆಡೆ ದೇವಾಲಯ, ಕೆಲವೆಡೆ ಒಳಗಿನ ವಿಗ್ರಹ, ಮತ್ತೆ ಕೆಲವೆಡೆ ನಮ್ಮ ವರಹ ನಾಣ್ಯ. ಯಾವುದು ಎಲ್ಲಿ ಎಂಬುದನ್ನು ಸಂದರ್ಭದಿಂದ ಅರಿಯಬೇಕು. ಅದಕ್ಕೆ ಪೋರ್ಚುಗೀಸ್ ಎಷ್ಟು ಬೇಕೋ ಹಂಪೆಯ ಶಾಸನಗಳ ಕನ್ನಡವೂ ಅಷ್ಟೇ ಬೇಕು. ಎರಡನ್ನೂ ಬಲ್ಲವರೊಬ್ಬರು ಲೋಪಿಶ್ ಅಚ್ಚು ಹಾಕಿಸಿದ ಮೂಲವನ್ನು ಮುಂದಿಟ್ಟುಕೊಂಡು ಪಾಯೆಸನನ್ನು ನೇರವಾಗಿ ಕನ್ನಡಕ್ಕೆ ತರಬೇಕು. ನನ್ನ ಪೋರ್ಚುಗೀಸ್ ಆ ಕೆಲಸಕ್ಕೆ ಸಾಲದು. ತರಗತಿಯಲ್ಲಿ ಕುಳಿತವರಲ್ಲಿ ಯಾರಾದರೂ ಮನಸ್ಸು ಮಾಡಲೆಂದು ಈಚೆಗೆ ಆ ಎರಡು ನಿಮಿಷದ ಪಟ್ಟಿಯನ್ನು ಒಂದು ಗಂಟೆಗೆ ಬೆಳೆಸಿದ್ದೇನೆ. ಅವರಿಗೆ ಇದನ್ನೂ ಹೇಳುತ್ತೇನೆ: ಅದೇ ಪಗೋದೆ ಮುಂದೆ ಪೋರ್ಚುಗೀಸಿನಲ್ಲಿ ಮೋಜಿನ ಗದ್ದಲಕ್ಕೆ ಹೆಸರಾಯಿತು, ಇಂದು ರಿಯೊ ನಗರದಲ್ಲಿ ಹಿತ್ತಿಲಿನಲ್ಲಿ ಗೆಳೆಯರು ಸುತ್ತ ಕುಳಿತು ಸಾಂಬ ಹಾಡುವುದಕ್ಕೆ ಪಗೋದೆ ಎನ್ನುತ್ತಾರೆ.